ಒಂದೆಳೆ ಪಾಕಕ್ಕೆ ಬಾರದ ಹಕ್ಕಿ

ಹಕ್ಕಿಗೆ ಸಕ್ಕರೆ ನೀರಿಡುವುದೂ ಒಂದು ವಿದ್ಯೆಯೇ? ಮೈಸೂರಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಆರತಕ್ಷತೆಗೂ ಜಾಮೂನಿನ ಪಾಕ ಹಿಡಿಯಲು ನನ್ನಮ್ಮನನ್ನೇ ಕರೆಯುತ್ತಿದ್ದರು. ಅಂಥ ತಾಯಿಯ ಮಗಳು ನಾನು. ಹೆಬ್ಬೆರಳಿನಷ್ಟು ಗಾತ್ರದ ಒಂದು ಹಕ್ಕಿಯನ್ನು ಮೆಚ್ಚಿಸಲಾರೆನೇ? ಹೀಗೆಂದುಕೊಂಡೇ ಐರ್ಲೆಂಡಿನ ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ನಲ್ಲಿರುವ ನಮ್ಮ ಬಾಡಿಗೆ ಮನೆಯ ಹಿತ್ತಲಿನಲ್ಲಿ ಆ ಮಹಾಕಾರ್ಯಕ್ಕೆ ಕೈಹಾಕಿದೆ.

ಮೆಚ್ಚಿಸಬೇಕಾಗಿದ್ದದ್ದು ಹಕ್ಕಿಯನ್ನಲ್ಲ, ಅತ್ತೆಯನ್ನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮತ್ತೆ ಜಲಜಾಕ್ಷಮ್ಮನವರು ಮೂರು ತಿಂಗಳ ಮಟ್ಟಿಗೆಂದು ಬೆಂಗಳೂರಿನಿಂದ ಬಂದಿದ್ದರು. ಅವರ ಬೆನ್ನಿಗೇ ಕೊರೊನಾ ಬಂತು. ವಿಮಾನಗಳು ನಿಂತವು. ಮನೆಯಿಂದ ಎರಡು ಕಿಲೋಮೀಟರ್ ದಾಟಬೇಡಿ ಎಂದು ಸರ್ಕಾರ ಗೆರೆ ಎಳೆಯಿತು. ಆ ಗೆರೆಯೊಳಗೆ ನಾನು, ನನ್ನ ಗಂಡ ರಘು ಮತ್ತು ಅತ್ತೆ. ರಘುವಿಗೆ ಸಾಫ್ಟ್‌ವೇರ್ ಕೆಲಸ, ಆದ್ದರಿಂದ ಬಾಗಿಲಿರುವ ಕೋಣೆ ಅವನಿಗೆ. "ಪಾಪ, ಅವನಿಗೆ ಮೀಟಿಂಗ್ ಇರುತ್ತೆ" ಎಂದು ಅತ್ತೆಯೇ ತೀರ್ಪು ಕೊಟ್ಟರು. ನನಗೆ ವಿಮಾನದ ಟಿಕೆಟ್ ಮಾರುವ ಒಂದು ಕಂಪನಿಯಲ್ಲಿ ಕೆಲಸ. ರದ್ದಾದ ಪ್ರಯಾಣಗಳಿಗಾಗಿ ಹೆಡ್‌ಫೋನ್ ಹಾಕಿಕೊಂಡು ಜನರ ಕ್ಷಮೆ ಕೇಳುವುದೇ ಆ ವರ್ಷ ನನ್ನ ವೃತ್ತಿ. ಅದನ್ನು ಅಡುಗೆಮನೆಯ ಮೇಜಿನಲ್ಲೇ ಮಾಡುತ್ತಿದ್ದೆ, ಕುಕ್ಕರ್ ಕೂಗಿದಾಗಲೆಲ್ಲ ಅದಕ್ಕೂ ಒಂದು ಕ್ಷಮೆ ಸೇರಿಸುತ್ತಿದ್ದೆ.

"ವಿಮಾನದ ಕಂಪನೀಲೇ ಕೆಲ್ಸ ಮಾಡ್ತಾಳೆ. ನಂಗೊಂದು ವಿಮಾನ ಬಿಡಿಸೋಕಾಗಲ್ಲ ಇವಳ ಕೈಲಿ!" ಎಂದು ಅತ್ತೆ ಫೋನಿನಲ್ಲಿ ಮಗಳಿಗೆ ದೂರು ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳಬೇಕು ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದರು.

ಆ ಮಗಳು, ಅಂದರೆ ನನ್ನ ನಾದಿನಿ ಶುಭಾ, ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಪ್ರತಿ ಭಾನುವಾರ ವಿಡಿಯೋ ಕಾಲ್. ಕ್ಷೇಮಸಮಾಚಾರ ಮುಗಿದ ತಕ್ಷಣ ಅವಳು ಫೋನನ್ನು ಹಿತ್ತಲಿಗೆ ಒಯ್ಯುವಳು. ಅಲ್ಲಿ ಹಕ್ಕಿಗಳಿಗೆ ಸಿಹಿನೀರು ತುಂಬಿ ನೇತುಹಾಕುವ ಕೆಂಪು ಫೀಡರ್. ಅದರ ಮುಂದೆ ಹಮ್ಮಿಂಗ್ ಬರ್ಡ್! ರೆಕ್ಕೆ ಕಾಣಿಸದಷ್ಟು ಜೋರಾಗಿ ಬಡಿಯುತ್ತ, ಗಾಳಿಯಲ್ಲಿ ನಿಂತಲ್ಲೇ ನಿಂತು, ಉದ್ದ ಕೊಕ್ಕಿನಲ್ಲಿ ಸಕ್ಕರೆ ನೀರು ಹೀರುವ ಪುಟ್ಟ ಹಕ್ಕಿ. ಅತ್ತೆ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿಗೆ ಹಿಡಿದು, "ಏನ್ ಪುಣ್ಯವಂತಳೇ ನೀನು ಶುಭಾ" ಎನ್ನುತ್ತಿದ್ದರು. ಆಮೇಲೆ ನಮ್ಮ ಕಿಟಕಿಯತ್ತ ತಿರುಗಿ, "ಇಲ್ಲೇನಿದೆ? ಒಂದು ಮೋಡ. ಅದು ಹೋದ್ರೆ ಇನ್ನೊಂದು ಮೋಡ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ಮೋಡಗಳನ್ನೂ ನಾನೇ ಆರ್ಡರ್ ಮಾಡಿ ತರಿಸಿದ್ದೇನೆ ಎಂಬಂತೆ ಇರುತ್ತಿತ್ತು ಆ ನೋಟ.

ನನ್ನ ಅಡುಗೆಗೆ ಅತ್ತೆ ಕೊಡುತ್ತಿದ್ದ ಅತ್ಯುನ್ನತ ಪ್ರಶಸ್ತಿ "ಪರವಾಗಿಲ್ಲ". ಅದೂ ಯುಗಾದಿಯಂದು ಒಮ್ಮೆ, ಗೌರಿ ಹಬ್ಬಕ್ಕೆ ಒಮ್ಮೆ. ಹಗಲೆಲ್ಲ ಫೋನಿನಲ್ಲಿ ಪ್ರಯಾಣಿಕರ ಬೈಗುಳ, ಸಂಜೆ ಇವರ ನಿಟ್ಟುಸಿರು. ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ? ಅವರು ಹೊರಡುವ ಮುಂಚೆ ಅವರ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬರಬೇಕು, ಒಂದೇ ಒಂದು, ಎಂಬ ಹಟ ಒಳಗೆ ಕೂತುಬಿಟ್ಟಿತ್ತು.

ಅಷ್ಟರಲ್ಲಿ ಸೆಪ್ಟೆಂಬರ್ ಬಂತು. ಅತ್ತೆಗೆ ತಿಂಗಳ ಕೊನೆಗೆ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತು. ಅದೇ ಭಾನುವಾರ ಶುಭಾ, "ಅಮ್ಮ, ಹಕ್ಕಿಗಳದ್ದೂ ಸೀಸನ್ ಮುಗೀತಾ ಬಂತು. ಇನ್ನೇನು ಮೆಕ್ಸಿಕೋ ಕಡೆ ಹೊರಟುಬಿಡ್ತವೆ" ಎಂದಳು. ಅತ್ತೆಯ ಮುಖ ಸಣ್ಣಗಾಯಿತು. "ಬಿಡು, ನನ್ನ ಹಣೇಲಿ ಅದನ್ನ ಕಣ್ಣಾರೆ ನೋಡೋದು ಬರೆದಿಲ್ಲ" ಎಂದರು.

"ಇಲ್ಲೂ ಬರ್ತವೆ ಅತ್ತೆ" ಎಂದು ಒಂದು ದನಿ ಕೇಳಿಸಿತು. ತಿರುಗಿ ನೋಡಿದರೆ, ಹೇಳಿದವಳು ನಾನೇ!

"ಇಷ್ಟು ದಿನ ಯಾಕೆ ಬರ್ಲಿಲ್ಲ ಮತ್ತೆ?"

"ನಾವು ಕರೀಲಿಲ್ವಲ್ಲ."

ನಾನು ಸುಳ್ಳು ಹೇಳಿರಲಿಲ್ಲ. ನನ್ನ ಬಳಿ ಎರಡು ಬಲವಾದ ಸಾಕ್ಷಿಗಳಿದ್ದವು. ಮೈಸೂರಿನ ನಮ್ಮ ಮನೆಯ ದಾಸವಾಳಕ್ಕೆ ಇಂಥದೇ ಪುಟ್ಟ ಹಕ್ಕಿ ಬರುತ್ತಿತ್ತು, ಮನೆಮಂದಿಯೆಲ್ಲ ಅದನ್ನು ಹಮ್ಮಿಂಗ್ ಬರ್ಡ್ ಎಂದೇ ಕರೆಯುತ್ತಿದ್ದೆವು. ಮೈಸೂರಿಗೆ ಬರುವುದು, ನ್ಯೂಜೆರ್ಸಿಗೆ ಬರುವುದು, ನಡುವೆ ಇರುವ ಐರ್ಲೆಂಡಿಗೆ ಏಕೆ ಬಾರದು? ಎರಡನೆಯ ಸಾಕ್ಷಿ ಪಕ್ಕದ ಮನೆಯ ಬ್ರೀಡಾ. ರಿಟೈರ್ ಆಗಿ ಒಬ್ಬರೇ ಇದ್ದ ಆಕೆ ಒಮ್ಮೆ ಗೋಡೆಯಾಚೆಯಿಂದ, ತನ್ನ ಹೂಗಳಿಗೆ ಬೇಸಿಗೆಯಲ್ಲಿ ಪುಟ್ಟದೊಂದು ಬರುತ್ತದೆ, ರೆಕ್ಕೆಯೇ ಕಾಣದು, ನಿಂತಲ್ಲೇ ನಿಂತು ಹೂವಿನ ರಸ ಹೀರುತ್ತದೆ ಎಂದು ಕೈಯಾಡಿಸಿ ವರ್ಣಿಸಿದ್ದರು. ಇನ್ನೇನು ಬೇಕು? ಫೋನಿನಲ್ಲಿ ಒಂದು ಸಲ ಹುಡುಕಿದ್ದರೆ ಮುಗಿದುಹೋಗುತ್ತಿತ್ತು. ಕಣ್ಣಾರೆ ಕಂಡದ್ದನ್ನು ಫೋನಿನಲ್ಲಿ ಹುಡುಕುವವರು ದಡ್ಡರು ಎಂಬುದು ಆಗಿನ ನನ್ನ ಅಭಿಪ್ರಾಯವಾಗಿತ್ತು.

ಫೀಡರ್ ಪಾರ್ಸೆಲ್‌ನಲ್ಲಿ ಬಂತು. ಶುಭಾ ಫೋನಿನಲ್ಲೇ ವಿಧಾನ ಹೇಳಿದಳು. ಒಂದು ಲೋಟ ಸಕ್ಕರೆ, ನಾಲ್ಕು ಲೋಟ ನೀರು, ಬೇರೇನೂ ಹಾಕಬಾರದು. ಸಕ್ಕರೆ ನೀರಂತೆ! ಕರೆದು ಕೂರಿಸಿದ ಅತಿಥಿಗೆ ಬರೀ ಸಕ್ಕರೆ ನೀರು ಕೊಡುವ ಸಂಪ್ರದಾಯ ನಮ್ಮ ಮನೆತನದಲ್ಲಿಲ್ಲ. ಅತ್ತೆ ನೋಡುತ್ತಿರುವಾಗಲೇ ಒಂದೆಳೆ ಪಾಕ ಹಿಡಿದೆ. ಬೆರಳ ನಡುವೆ ಎಳೆ ಎಳೆದು ತೋರಿಸಿದೆ. ಏಲಕ್ಕಿ ಕುಟ್ಟಿ ಹಾಕಿದೆ. ನಾಲ್ಕು ಎಸಳು ಕೇಸರಿಯನ್ನೂ ತೇಲಿಬಿಟ್ಟೆ.

"ಹಕ್ಕಿಗೆ ಕೇಸರೀನಾ?" ಎಂದು ರಘು ಕೋಣೆಯ ಬಾಗಿಲಿನಿಂದ ತಲೆ ಹಾಕಿದ.

"ನೀವು ನಿಮ್ಮ ಮೀಟಿಂಗ್ ನೋಡ್ಕೊಳ್ಳಿ" ಎಂದೆ. ಅತ್ತೆ ಎದುರಿಗೆ ಅವನಿಗೆ ಬಹುವಚನ. ಬಾಗಿಲು ಹಾಕಿದ ಮೇಲೆ ಬೇರೆ ವ್ಯಾಕರಣ.

ಅಂದೇ ಪಾಕವನ್ನು ಫೀಡರಿಗೆ ತುಂಬಿ ಹಿತ್ತಲಿನಲ್ಲಿ ನೇತುಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲಿನ ಚಳಿಗೆ ಪಾಕವೆಲ್ಲ ಹರಳುಗಟ್ಟಿ ಕಲ್ಲುಸಕ್ಕರೆಯಾಗಿತ್ತು. ಹಕ್ಕಿ ಕೊಕ್ಕು ಹಾಕಿದ್ದರೆ ಕೊಕ್ಕೇ ಮುರಿಯುತ್ತಿತ್ತು. ಅತ್ತೆ ಶಾಲು ಹೊದ್ದು ಬಂದು, ಫೀಡರನ್ನು ಉಗುರಿನಿಂದ ಟಕಟಕ ಕುಟ್ಟಿ ನೋಡಿದರು.

"ಎರಡು ಹನಿ ನಿಂಬೆರಸ ಹಿಂಡ್ಬೇಕಿತ್ತು. ನಿಮ್ಮಮ್ಮ ಹೇಳಿಕೊಡ್ಲಿಲ್ವಾ?"

ನನ್ನ ಪಾಕ ಹಾಳಾದದ್ದಲ್ಲದೆ, ಮೈಸೂರಿನಲ್ಲಿ ತಮ್ಮ ಪಾಡಿಗೆ ತಾವಿದ್ದ ನನ್ನಮ್ಮನ ಮಾನವೂ ಹೋಯಿತು.

ಸೋಲೊಪ್ಪುವುದೇ? ನಿಂಬೆರಸ ಹಿಂಡಿ, ಪಾಕವನ್ನು ತೆಳ್ಳಗೆ ಮಾಡಿ ಮತ್ತೆ ತುಂಬಿದೆ. ಅತ್ತೆ ಅಡುಗೆಮನೆಯ ಕಿಟಕಿಗೆ ಕುರ್ಚಿ ಹಾಕಿಕೊಂಡು ಕೂತರು. ಅದು ನನ್ನ ಕುರ್ಚಿಯ ನೇರ ಹಿಂದೆ. ಆಫೀಸಿನ ಮೀಟಿಂಗುಗಳಲ್ಲಿ ನನ್ನ ತಲೆಯ ಮೇಲೆ ಅತ್ತೆಯ ತಲೆ ಕಾಣಿಸುತ್ತಿತ್ತು. "ನಿಮ್ಮ ಮನೆಯ ಸೆಕ್ಯುರಿಟಿ ಗ್ರ್ಯಾಂಡ್ ಆಗಿದೆ" ಎಂದು ನನ್ನ ಮ್ಯಾನೇಜರ್ ತಮಾಷೆ ಮಾಡಿದರು. ಇಲ್ಲಿನವರ ಬಾಯಲ್ಲಿ ಚೆನ್ನಾಗಿರುವುದೆಲ್ಲ ಗ್ರ್ಯಾಂಡ್.

ಒಂದು ಮಧ್ಯಾಹ್ನ ಕೋಪದಿಂದ ಕುದಿಯುತ್ತಿದ್ದ ಒಬ್ಬ ಪ್ರಯಾಣಿಕನಿಗೆ ಸಮಾಧಾನ ಹೇಳುತ್ತಿದ್ದೆ. ಹಿಂದಿನಿಂದ ಅತ್ತೆ, "ಬಂತು! ಬಂತು ಕಣೇ!" ಎಂದು ಕಿರುಚಿದರು. ಮೈಮರೆತ ನಾನು ಎದ್ದು ನಿಂತು, ಫೋನಿನಲ್ಲೇ ಇಂಗ್ಲಿಷಿನಲ್ಲಿ, "ಕೊನೆಗೂ ಬಂತು!" ಎಂದು ಕೂಗಿದೆ.

"ನನ್ನ ರೀಫಂಡಾ?" ಎಂದ ಆ ಬಡಪಾಯಿ. ಅವನ ದನಿಯಲ್ಲಿದ್ದ ಆನಂದವನ್ನು ನೆನೆದರೆ ಈಗಲೂ ಪಾಪ ಎನಿಸುತ್ತದೆ.

ಬಂದದ್ದು ರೀಫಂಡೂ ಅಲ್ಲ, ಹಕ್ಕಿಯೂ ಅಲ್ಲ. ಕಣಜದ ಹುಳ! ಹಳದಿ ಪಟ್ಟೆಯ, ಸಾಕಷ್ಟು ದಪ್ಪದ ಕಣಜ. ಬೇಸಿಗೆ ಮುಗಿಯುತ್ತ ಬಂದಾಗ ಐರ್ಲೆಂಡಿನ ಕಣಜಗಳು ಸಿಹಿಗೆ ಹುಚ್ಚೆದ್ದು ಅಲೆಯುತ್ತವೆ ಎಂಬ ಪಾಠ ಅಂದು ಶುರುವಾಯಿತು. ಮಾರನೆಯ ದಿನ ಅದು ಬಂಧುಬಳಗವನ್ನು ಕರೆತಂದಿತು. ಏಲಕ್ಕಿಯ ಕೀರ್ತಿ ಸುತ್ತಮುತ್ತಲಿನ ಹಿತ್ತಲುಗಳಿಗೆಲ್ಲ ಹಬ್ಬಿತು. ಕೂಟದಲ್ಲಿ ಎರಡು ಮನೆಯವರಿಗಿಂತ ಹೆಚ್ಚು ಜನ ಸೇರಬಾರದು ಎಂಬ ನಿಯಮ ಅವುಗಳಿಗೆ ಯಾರೂ ಹೇಳಿದಂತಿರಲಿಲ್ಲ.

"ಶುಭಾ ಮನೇಲಿ ಒಂದು ಹುಳಾನೂ ಇಲ್ಲ" ಎಂದರು ಅತ್ತೆ.

ಆಗಲಾದರೂ ಫೀಡರನ್ನು ಇಳಿಸಬೇಕಿತ್ತು. ವಿಮಾನಕ್ಕೆ ಇನ್ನೂ ಕೆಲವು ದಿನಗಳಿದ್ದವು, ನನಗೆ ಆಸೆ. ಬ್ರೀಡಾರನ್ನೇ ಸಾಕ್ಷಿಗೆ ಕರೆಸೋಣ ಎನಿಸಿತು. ಅತ್ತೆಯನ್ನು ಬೀಳ್ಕೊಡುವ ನೆಪದಲ್ಲಿ ಹಿತ್ತಲಿನಲ್ಲಿ ಟೀ ಏರ್ಪಡಿಸಿದೆ. ಎರಡು ಮೀಟರ್ ಅಂತರ ಅಳೆದು ಕುರ್ಚಿ ಹಾಕಿದೆ. ಗೋಡೆ, ಬಟ್ಟೆ ಒಣಹಾಕುವ ಕಂಬ, ಕಸದ ಡಬ್ಬಿ, ಎಲ್ಲ ಬಿಟ್ಟು ಅತಿಥಿಯ ಕುರ್ಚಿಗೆ ಉಳಿದ ಜಾಗ ಫೀಡರಿನ ಕೆಳಗಿನದೊಂದೇ!

"ಬ್ರೀಡಾ, ನಿಮ್ಮ ಹೂವಿಗೆ ಬರುತ್ತದಲ್ಲ, ಆ ಹಕ್ಕಿ. ಅತ್ತೆಗೆ ಹೇಳಿ" ಎಂದೆ ಹೆಮ್ಮೆಯಿಂದ.

ಬ್ರೀಡಾ ತಲೆಯೆತ್ತಿ ಫೀಡರ್ ನೋಡಿದರು. ನನ್ನನ್ನು ನೋಡಿದರು. ಅವರ ಮುಖದಲ್ಲಿ ಕರುಣೆ ಮೂಡಿತು. "ಅಯ್ಯೋ, ಅದು ಹಕ್ಕಿಯಲ್ಲ ಮಗೂ. ಪತಂಗ. ಚಿಟ್ಟೆಯ ಜಾತಿ. ಐರ್ಲೆಂಡಿನಲ್ಲಿ ಹಮ್ಮಿಂಗ್ ಬರ್ಡ್ ಇಲ್ಲವೇ ಇಲ್ಲ. ಯುರೋಪಿನಲ್ಲೇ ಇಲ್ಲ" ಎಂದರು.

ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬೇಡದ ಮಾತು ಮಾತ್ರ ಸ್ಪಷ್ಟವಾಗಿ ಅರ್ಥವಾಗುತ್ತದೆ. "ಇಲ್ವಂತಾ?" ಎಂದು ನನ್ನತ್ತ ತಿರುಗಿದರು. ಮೈಸೂರಿನ ದಾಸವಾಳಕ್ಕೆ ಬರುತ್ತಿದ್ದದ್ದೂ ಹಮ್ಮಿಂಗ್ ಬರ್ಡ್ ಅಲ್ಲ, ಸೂರಕ್ಕಿ ಎಂಬ ಬೇರೆಯೇ ಹಕ್ಕಿ ಎಂದು ಆಮೇಲೆ ಓದಿ ತಿಳಿದೆ. ಅಂದರೆ ನಾನು ಜನ್ಮದಲ್ಲೇ ಒಂದು ಹಮ್ಮಿಂಗ್ ಬರ್ಡ್ ನೋಡಿರಲಿಲ್ಲ!

ಅತ್ತೆಯ ಮಾತು ಮುಗಿಯುವಷ್ಟರಲ್ಲಿ ಕಣಜವೊಂದು ಬ್ರೀಡಾರ ಮೂಗಿನ ಮೇಲೆ ಕುಟುಕಿತು. "ಐ ಆಮ್ ಗ್ರ್ಯಾಂಡ್, ಐ ಆಮ್ ಗ್ರ್ಯಾಂಡ್" ಎನ್ನುತ್ತಲೇ ಅವರ ಮೂಗು ಬೋಂಡದಂತೆ ಊದತೊಡಗಿತು. ಎರಡು ಮೀಟರ್ ಅಂತರ ಗಾಳಿಗೆ ಹೋಯಿತು. ಅತ್ತೆ ಒಳಗೋಡಿ ಅರಿಶಿನ ಕಲಸಿ ತಂದು, ಆ ಮೂಗಿಗೆ ಗಟ್ಟಿಯಾಗಿ ಮೆತ್ತಿದರು. ಬೆಳ್ಳಗಿನ ಆ ಹೆಂಗಸು ಅರಿಶಿನದ ಮೂಗು ಹೊತ್ತು ನಮ್ಮ ಮನೆಯಿಂದ ಹೊರಬಿದ್ದದ್ದನ್ನು ಬೀದಿಯ ಎಲ್ಲ ಕಿಟಕಿಗಳೂ ನೋಡಿದವು. ಲಾಕ್‌ಡೌನಿನಲ್ಲಿ ಜನಕ್ಕೆ ಬೇರೆ ಕೆಲಸವೇನಿತ್ತು?

ಗದ್ದಲ ಕೇಳಿ ರಘು ಕೋಣೆಯಿಂದ ಹೊರಬಂದ. ಟವೆಲ್ ಸುತ್ತಿದ ಕೈಯಲ್ಲಿ ಫೀಡರ್ ಕಿತ್ತು ಕಸದ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಮತ್ತೆ ಮೀಟಿಂಗಿಗೆ ಹೋದ. ಇಡೀ ಪ್ರಕರಣದಲ್ಲಿ ಅವನ ಪಾತ್ರ ಅಷ್ಟೇ.

"ಜೋಪಾನ ಕಣೋ, ಕಚ್ಚೀತು!" ಎಂದು ಅತ್ತೆ ಅಷ್ಟು ಹೊತ್ತೂ ಕೂಗುತ್ತಿದ್ದರು.

ಹೊರಡುವ ದಿನ ಬಂತು. ಏರ್‌ಪೋರ್ಟಿನೊಳಗೆ ಪ್ರಯಾಣಿಕರಿಗೆ ಮಾತ್ರ ಪ್ರವೇಶ, ಬಾಗಿಲಿನಲ್ಲೇ ಬೀಳ್ಕೊಡುಗೆ. ಅತ್ತೆ ಮಾಸ್ಕ್ ಕೆಳಗಿಳಿಸಿದರು. ಕಣ್ಣಲ್ಲಿ ನೀರಿತ್ತು. "ಏನೇ ಹೇಳು, ಅದು ಬಂತೋ ಬಿಡ್ತೋ, ನಂಗೆ ಆ ಹಕ್ಕಿ ತೋರಿಸ್ಬೇಕು ಅಂತ ಎಷ್ಟು ಪರದಾಟ! ಇಷ್ಟು ಪ್ರೀತಿಯಿಂದ ನಂಗ್ಯಾರೂ ಏನೂ ಮಾಡಿರ್ಲಿಲ್ಲ" ಎಂದರು.

ನನ್ನ ಎದೆ ತುಂಬಿ ಬಂತು. ಬೈಗುಳ, ಕಣಜ, ಕಲ್ಲುಸಕ್ಕರೆ ಎಲ್ಲ ಮರೆತುಹೋಯಿತು. ನಮಸ್ಕರಿಸಲು ಬಗ್ಗಿದೆ.

ಅತ್ತೆ ನನ್ನ ತಲೆಯ ಮೇಲಿಂದ ಕೈ ಚಾಚಿ ಮಗನ ಕೆನ್ನೆ ಸವರಿದರು. "ಇಂಥ ಮಗ ಯಾರಿಗಿದಾನೆ? ಅಷ್ಟು ಮೀಟಿಂಗ್ ಮಧ್ಯ ಫೀಡರ್ ತರಿಸಿ, ಕಣಜಕ್ಕೂ ಹೆದರದೆ ಕೈ ಹಾಕಿದ್ನಲ್ಲ ನನ್ನ ಬಂಗಾರ!"

ನಾನು ಬಗ್ಗಿದಲ್ಲೇ ಇದ್ದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಎನ್ನುತ್ತಾರಲ್ಲ, ಆ ಹಾವು ತಿದ್ದುಪಡಿ ಹೇಳೀತೇನೋ ಎಂದು ತಲೆಯೆತ್ತಿ ನೋಡಿದೆ. ರಘು ವಿನಯದಿಂದ ತನ್ನ ಶೂ ನೋಡಿಕೊಳ್ಳುತ್ತಿದ್ದ. "ಅಯ್ಯೋ, ಅದೇನ್ ಮಹಾ ಬಿಡಮ್ಮ" ಎಂದ!

"ನೀನೂ ಅವನನ್ನ ಸರಿಯಾಗಿ ನೋಡ್ಕೊಳ್ಳೆ. ಎಷ್ಟು ಇಳಿದುಹೋಗಿದಾನೆ ನೋಡು" ಎಂದು ನನಗೆ ಹೇಳಿ ಅತ್ತೆ ಒಳಗೆ ನಡೆದರು. ಲಾಕ್‌ಡೌನಿನಲ್ಲಿ ಕೂತು ತಿಂದು ಅವನ ಪ್ಯಾಂಟುಗಳೆಲ್ಲ ಬಿಗಿಯಾಗಿದ್ದವು.

ಕಾರಿನಲ್ಲಿ ಬಹುವಚನ ಬಿಟ್ಟೆ. ಏಕವಚನದಲ್ಲಿ ಇರುವುದನ್ನೆಲ್ಲ ಹೇಳಿದೆ. "ಹೋಗ್ಲಿ ಬಿಡೇ, ಅಮ್ಮ ಖುಷಿಯಾಗಿ ಹೋದ್ರಲ್ಲ. ಯಾರನ್ನ ಹೊಗಳಿದ್ರೇನು?" ಎಂದ. ಇವತ್ತಿನಿಂದ ನಿನ್ನ ಊಟ ನೀನೇ ಮಾಡಿಕೋ ಎಂದು ಗುಡುಗಿ, ಮನೆ ಮುಟ್ಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತೆ.

ಮನೆಗೆ ಬಂದು ಕೈ ತೊಳೆದೆ. ಕಾವಲಿ ಇಟ್ಟೆ. ತುಪ್ಪ ಹಾಕಿ ದೋಸೆ ಹುಯ್ದು, ಕೋಣೆಯ ಬಾಗಿಲು ತಟ್ಟಿ, ತಟ್ಟೆ ಒಳಗೆ ಕೊಟ್ಟೆ. ಏನು ಮಾಡುವುದು, ಪಾಪ, ಇಳಿದುಹೋಗಿದ್ದಾನಲ್ಲ!