ಹೆಲ್ಪ್ ಎಂಬ ಮಾನ್ಯರಿಗೆ, ಬೀರುವಿನ ಆಚೆಯಿಂದ

ಮಾನ್ಯ ‘ಹೆಲ್ಪ್’ ಪದದವರ ಸನ್ನಿಧಾನಕ್ಕೆ,

ನಿಘಂಟಿನಲ್ಲಿ ತಾವು ಸಕುಟುಂಬ ಕ್ಷೇಮವೆಂದು ನಂಬಿ, ಉತ್ತರ ಇಂಗ್ಲೆಂಡಿನ ಆಸ್‌ಥ್ವೇಟ್ ಊರಿನ ಸಾಲುಮನೆಯೊಂದರ ನಿವಾಸಿಯಾದ ಡೆಸ್ಮಂಡ್ ಪಿಲ್ಲಿಂಗ್ ಎಂಬ ನಾನು, ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ಶನಿವಾರ ತಮ್ಮ ದೆಸೆಯಿಂದ ನನಗೆ ಚಹಾ ತಪ್ಪಿತು.

ತಮ್ಮ ಯೋಗ್ಯತೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅಂಗಡಿಯಲ್ಲಿ ಸುಮ್ಮನೆ ಟೋಪಿ ನೋಡುತ್ತ ನಿಂತವನ ಬೆನ್ನ ಹಿಂದೆ ತಾವು ‘ಹೆಲ್ಪ್ ಬೇಕೇ?’ ಎಂಬ ಪ್ರಶ್ನೆಯಾಗಿ ಮೂಡಿದರೆ, ಕೊಳ್ಳುತ್ತೀಯೋ ಹೊರಡುತ್ತೀಯೋ ಎಂದರ್ಥ; ಪರರ ಹಿತ್ತಲಲ್ಲಿ ಕಂಡವನಿಗೆ ಅದೇ ಪ್ರಶ್ನೆ ಹಾಕಿದರೆ, ಪೊಲೀಸರನ್ನು ಕರೆಯಲೇ ಎಂದರ್ಥ. ಉಳ್ಳವರ ಮನೆಯಲ್ಲಿ ‘ದಿ ಹೆಲ್ಪ್’ ಎಂದರೆ ತಾವು ನೆಲ ಒರೆಸುವ ಹೆಂಗಸು. ಶವಸಂಸ್ಕಾರದ ನಡುವೆ ನಗು ಉಕ್ಕಿದವನಿಗೆ ‘ಕುಡಂಟ್ ಹೆಲ್ಪ್ ಇಟ್’, ತಡೆಯಲಾಗಲಿಲ್ಲ, ಎಂಬ ನೆಪವೂ ತಾವೇ. ಊಟದ ಮೇಜಿನಲ್ಲಿ ‘ಹೆಲ್ಪ್ ಯುವರ್‌ಸೆಲ್ಫ್’, ಬೇಕಾದ್ದು ಬಡಿಸಿಕೊಳ್ಳಿ, ಎಂಬ ಉದಾರ ಅಪ್ಪಣೆಯೂ ತಮ್ಮದೇ, ಆದರೆ ಆ ಅಪ್ಪಣೆಯನ್ನು ನಂಬಿ ತಟ್ಟೆಯ ಕೊನೆಯ ಬಿಸ್ಕತ್ತಿಗೆ ಕೈಹಾಕಿದವನನ್ನು ನಮ್ಮ ಊರು ಮೊಮ್ಮಕ್ಕಳ ಕಾಲದವರೆಗೂ ಮರೆಯುವುದಿಲ್ಲ. ಇಷ್ಟೊಂದು ಉದ್ಯೋಗಗಳ ನಡುವೆ ಒಬ್ಬ ಮನುಷ್ಯನಿಗೆ ನಿಜವಾಗಿ ನೆರವಾಗಲು ತಮಗೆ ಬಿಡುವು ಸಿಗದಿರುವುದು ಸಹಜವೇ.

ಶನಿವಾರ ನನ್ನ ಅಕ್ಕ ಈನಿಡ್ ಕೆಲವು ವಾರ ಇದ್ದುಹೋಗಲು ಬರುವವಳಿದ್ದಳು. ಅವಳ ಕೋಣೆಗೆಂದು ಅಮ್ಮನ ಕಾಲದ ಮರದ ಬೀರುವನ್ನು ಮಹಡಿಗೆ ಸಾಗಿಸಬೇಕಿತ್ತು. ‘ಒಬ್ಬನೇ ಮಾಡಕ್ಕೆ ಹೋಗ್ಬೇಡ ಕಣೋ, ನಿನ್ನ ಕೈಲಾಗಲ್ಲ’ ಎಂದು ಅವಳು ಫೋನಿನಲ್ಲಿ ಹೇಳಿದ್ದರಿಂದ, ಒಬ್ಬನೇ ಮಾಡುವುದು ನನಗೆ ಅನಿವಾರ್ಯವಾಯಿತು. ನಾನು ಹಿಮ್ಮುಖವಾಗಿ ಮೆಟ್ಟಿಲೇರುತ್ತ ಎಳೆದೆ, ಬೀರು ಬಂದಿತು, ತಿರುವಿನಲ್ಲಿ ಗೋಡೆಯಿಂದ ಗೋಡೆಗೆ ಕಚ್ಚಿಕೊಂಡು ನಿಂತಿತು. ನಾನು ಮೇಲೆ ಉಳಿದೆ. ಕೆಳಗೆ ಅಡುಗೆಮನೆ, ಕೆಟಲು, ಬೀದಿಬಾಗಿಲು. ನಡುವೆ ಅಮ್ಮನ ಬೀರು, ಅಮ್ಮನಂತೆಯೇ ಅಲುಗಾಡದೆ.

ಕಿಟಕಿಯಿಂದ ತಲೆ ಹೊರಹಾಕಿದಾಗ ಪಕ್ಕದ ಮನೆಯ ಮಿಸೆಸ್ ಹ್ಯಾಟರ್ಸ್ಲಿ ಕತ್ತೆತ್ತಿ ನೋಡಿ, ‘ಹೆಲ್ಪ್ ಏನಾದ್ರೂ ಬೇಕಿತ್ತಾ ಡೆಸ್ಮಂಡ್?’ ಎಂದು ಕೇಳಿದರು.

‘ಏನಿಲ್ಲ ಬಿಡಿ, ಸ್ವಲ್ಪ ಗಾಳಿ ತಗೋತಿದೀನಿ’ ಎಂದೆ.

ತಾವು ನಮ್ಮ ನಡುವೆಯೇ ಹುಟ್ಟಿ ಬೆಳೆದವರಾದ್ದರಿಂದ ತಿಳಿಸಿ ಹೇಳಬೇಕಿಲ್ಲ: ಮೊದಲ ಸಲ ಬೇಡವೆನ್ನುವುದು ಕೇಳಿಸಿಕೊಂಡವನ ಮರ್ಯಾದೆ, ಬೇಡವೆಂದ ಮೇಲೆ ಮತ್ತೆ ಕೇಳದಿರುವುದು ಕೇಳಿದವರ ಮರ್ಯಾದೆ. ಇಬ್ಬರೂ ಮರ್ಯಾದಸ್ಥರಾದರೆ ಬೀರು ಇದ್ದಲ್ಲೇ ಇರುತ್ತದೆ. ಮಿಸೆಸ್ ಹ್ಯಾಟರ್ಸ್ಲಿ ಅಷ್ಟು ಹೊತ್ತಿಗೆ ಹನಿಯತೊಡಗಿದ್ದ ಮಳೆಯನ್ನು ನೋಡಿ, ಗಾಳಿಗೆ ಒಳ್ಳೆಯ ದಿನ ಆರಿಸಿಕೊಂಡಿರಿ ಎಂದು ಮೆಚ್ಚಿ ಒಳಗೆ ಹೋದರು. ಬಳಿಕ ಬಂದ ಅಂಚೆಯ ಕ್ಲೈವ್ ಕೂಡ ವಿಚಾರಿಸಿದ, ಅವನಿಗೂ ಅದೇ ಉತ್ತರ ಕೊಟ್ಟೆ. ಬೇಕಾದರೆ ಕೂಗಿ ಎಂದು ಹೇಳಿ ಹೋದ. ಕೂಗುವುದೆಂದರೆ! ತಮ್ಮ ಹೆಸರನ್ನು ಗಟ್ಟಿಯಾಗಿ ಕೂಗುವ ಹಕ್ಕು ನಮ್ಮಲ್ಲಿ ನೀರಿನಲ್ಲಿ ಮುಳುಗುತ್ತಿರುವವರಿಗೆ ಮಾತ್ರ ಉಂಟು, ಅದೂ ಭಾನುವಾರ ಬೆಳಿಗ್ಗೆ ಬಿಟ್ಟು.

ಆ ಮಧ್ಯಾಹ್ನ ಹಾಸಿಗೆಯ ಅಂಚಿನಲ್ಲಿ ಕುಳಿತು, ನಾನು ಜೀವಮಾನದಲ್ಲಿ ಎಷ್ಟು ಬೀರುಗಳ ಹಿಂದಿನಿಂದ ‘ಏನಿಲ್ಲ ಬಿಡಿ’ ಎಂದಿರಬಹುದೆಂದು ಯೋಚಿಸಿದೆ. ಯೋಚನೆ ಗಂಭೀರವಾಗುತ್ತಿದ್ದಂತೆ ಚಹಾದ ಬಯಕೆ ಹೆಚ್ಚಿತು. ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಸಂಜೆ ಈನಿಡ್ ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆರೆದು ಬಂದಳು. ಬೀರುವಿನ ಅಡಿಯನ್ನೂ ಅದರ ಮೇಲಂಚಿನಲ್ಲಿ ಮೂಡಿದ್ದ ನನ್ನ ಹಣೆಯನ್ನೂ ನೋಡಿದಳು. ತಮ್ಮ ಹೆಸರನ್ನೇ ಎತ್ತಲಿಲ್ಲ. ಕೋಟು ಬಿಚ್ಚಿ, ‘ಬಾಯ್ಮುಚ್ಕೊಂಡು ಎಳಿ’ ಎಂದಳು. ಅವಳು ನೂಕಿದಳು, ನಾನು ಎಳೆದೆ, ಗೋಡೆಯ ಕಾಗದ ಒಂದಿಷ್ಟು ಹರಿಯಿತು, ಬೀರು ಮೇಲೆ ಬಂದಿತು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಇಷ್ಟೇ: ಇನ್ನುಮುಂದೆ ತಾವು ಬಾಯಿಂದ ಹೊರಡುವಾಗ ಜೊತೆಗೆ ಎರಡು ಕೈಗಳನ್ನೂ ಕರೆತರಬೇಕು; ಅದು ಸಾಧ್ಯವಾಗದಿದ್ದರೆ, ನಾವು ಬೇಡವೆಂದದ್ದನ್ನು ತಾವಾದರೂ ನಂಬದೆ, ಹೋದಂತೆ ಮಾಡಿ ಬೀದಿಯ ತಿರುವಿನಲ್ಲಿ ಕೊಂಚ ಹೊತ್ತು ಕಾದಿರಬೇಕು. ಅದೂ ಆಗದಿದ್ದರೆ, ಕೆಟಲನ್ನು ಮಹಡಿಗೆ ವರ್ಗಾಯಿಸುವ ವಿಷಯದಲ್ಲಿ ಶಿಫಾರಸು ಮಾಡಬೇಕು.

ತಮ್ಮ ಕೃಪೆಯನ್ನು ಸದಾ ಬೇಡವೆನ್ನುತ್ತಲೇ ಕಾದಿರುವ,
ತಮ್ಮ ವಿಶ್ವಾಸಿ,
ಡೆಸ್ಮಂಡ್ ಪಿಲ್ಲಿಂಗ್

ಮರೆತ ಮಾತು: ಬೀರು ಕೆಳಗಿದ್ದರೇ ಚೆನ್ನೆಂದು ಈನಿಡ್ ಇಂದು ಬೆಳಿಗ್ಗೆ ತೀರ್ಮಾನಿಸಿ, ನಾನು ಪೇಪರು ತರಲು ಹೋದಾಗ ಒಬ್ಬಳೇ ನೂಕಿದ್ದಾಳೆ. ಬೀರು ಅದೇ ತಿರುವಿನಲ್ಲಿದೆ, ಅವಳು ಮೇಲಿದ್ದಾಳೆ. ಹೆಲ್ಪ್ ಬೇಕೇ ಎಂದು ಮೆಟ್ಟಿಲ ಬುಡದಲ್ಲಿ ನಿಂತು ಅತ್ಯಂತ ಸೌಜನ್ಯದಿಂದ ಕೇಳಿದೆ. ‘ಏನಿಲ್ಲ ಬಿಡು’ ಎಂದಳು. ಮರ್ಯಾದಸ್ಥನಾದ ನಾನು ಮತ್ತೆ ಕೇಳಲಿಲ್ಲ. ಈ ಪತ್ರವನ್ನು ಅಡುಗೆಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ, ಚಹಾ ಸೊಗಸಾಗಿದೆ.