ಐದು ತರಗತಿ, ಒಂದೇ ಪುಟ

ಒಂದರಿಂದ ಐದನೇ ತರಗತಿಯ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಒಬ್ಬಳೇ ಟೀಚರು ಪಾಠ ಹೇಳಿದರೆ, ದಿನಕ್ಕೊಂದು ನಗೆ ಹುಟ್ಟಲೇಬೇಕು. ನಗಬೇಕೋ ಬೇಡವೋ ಎಂಬುದನ್ನು ಮನೆಗೆ ಹೋಗಿ ಯೋಚಿಸಬೇಕು, ಅಷ್ಟೇ. ನಮ್ಮದು ಕೆಂಭಾವಿ ಕಡೆಯ ಸಣ್ಣ ಊರು. ಇನ್ನೊಬ್ಬ ಮಾಸ್ತರರನ್ನು ಕೊಡಿ ಎಂದು ಅರ್ಜಿ ಮೇಲೆ ಅರ್ಜಿ ಬರೆದೆ. ಮೂರು ಟ್ಯಾಬ್ ಕೊಟ್ಟರು.

೧. ಅಳಿಸಿದವರು ಯಾರು?

ಟ್ಯಾಬ್ ಬಳಸಲು ಯಾದಗಿರಿಯಲ್ಲಿ ತರಬೇತಿ. ತರಬೇತುದಾರರು ಪರದೆಯ ಮೇಲೆ ಖಾಲಿ ಪುಟ ತೋರಿಸಿ, "ಇದರಲ್ಲಿ ಎಲ್ಲರೂ ಒಮ್ಮೆಗೇ ಬರೆಯಬಹುದು. ದೊಡ್ಡ ಮಕ್ಕಳು ಬರೆದು ತೋರಿಸ್ತಾರೆ, ಚಿಕ್ಕವರದ್ದನ್ನ ತಿದ್ದುತ್ತಾರೆ. ನೀವೂ ಬರೆದು ನೋಡಿ" ಎಂದರು. ಎಲ್ಲರೂ ಫೋನ್ ತೆಗೆದೆವು. ನನ್ನ ಪಕ್ಕದಲ್ಲಿ ನಿವೃತ್ತಿಗೆ ಬಂದ ಹೆಡ್ ಮಾಸ್ತರರೊಬ್ಬರು. ಅವರು ತಮ್ಮ ಹೆಸರು ಬರೆಯುತ್ತಾರೆ, ಯಾರೋ ಅಳಿಸುತ್ತಾರೆ. ಮತ್ತೆ ಬರೆದರು, ಮತ್ತೆ ಮಾಯ. ನಾಲ್ಕನೇ ಸಲ ಎದ್ದು ನಿಂತರು.

"ಯಾರ್ರೀ ಅದು, ನನ್ನ ಅಳಸಾಕತ್ತವ್ರು?"

"ಸಮಾಧಾನ ಸರ್, ಕೂಡಿ ಕೆಲಸ ಮಾಡುವಾಗ ಹೀಗೆಲ್ಲ ಆಗುತ್ತೆ" ಎಂದರು ತರಬೇತುದಾರರು.

ಹೆಡ್ ಮಾಸ್ತರರು ಕುಳಿತರು. "ಇದಕ್ಕ ತರಬೇತಿ ಯಾಕ್ರಿ? ಮೂವತ್ತು ವರ್ಷದಿಂದ ಇದ ನಡದದ."

೨. ಸಿಗ್ನಲ್ ಇರುವಲ್ಲಿ

ನಮ್ಮ ಶಾಲೆಯಲ್ಲಿ ಸಿಗ್ನಲ್ ಇಲ್ಲ. ಊರೆಲ್ಲ ತಿರುಗಿ ಹುಡುಕಿದಾಗ ಸಿಕ್ಕಿದ್ದು ದಿಬ್ಬದ ಮೇಲಿನ ಕುರಿ ದೊಡ್ಡಿಯಲ್ಲಿ. ಕುರಿ ಮೇಯಲು ಹೋದ ಮೇಲೆ ಅಲ್ಲೇ ಚಾಪೆ ಹಾಸಿ ಪಾಠ ಶುರು ಮಾಡಿದೆ. ನಾಲ್ಕನೆಯವರು ಟ್ಯಾಬಿನಲ್ಲಿ ಎಲ್ಲರೂ ಬರೆಯುವ ಆ ಪುಟ ತೆರೆದು ಲೆಕ್ಕ ಕೊಡುವುದು, ಎರಡನೆಯವರು ಬಿಡಿಸುವುದು. ಚೆನ್ನಾಗಿಯೇ ನಡೆದಿತ್ತು. ಎಂಟು ದಿನವಾದ ಮೇಲೆ ದೊಡ್ಡಿಯ ಯಜಮಾನ ಬಂದು ನಿಂತ. ಅವನ ಮಗನೂ ಚಾಪೆಯ ಮೇಲಿದ್ದ.

"ಟೀಚರ್, ಮಗ ಕುರಿ ಹಿಂದ ತಿರಗೋದು ಬ್ಯಾಡ ಅಂತ ಸಾಲಿಗಿ ಕಳಿಸಿದ್ನಿ. ನೀವು ಸಾಲೀನ ಕುರಿ ದೊಡ್ಡಿಗಿ ಹೊಡಕೊಂಡು ಬಂದೀರಲ್ರಿ!"

೩. ಫೋಟೋ

ಕಲಿತರೆ ಸಾಲದು, ಕಲಿಯುತ್ತಿರುವ ಫೋಟೋವನ್ನು ದಿನಾ ಮೇಲಕ್ಕೆ ಕಳಿಸಬೇಕೆಂದು ಆದೇಶ ಬಂತು. ದೊಡ್ಡವರು ಒಂದು ಕಡೆ, ಸಣ್ಣವರು ಒಂದು ಕಡೆ, ನಡುವೆ ಟ್ಯಾಬ್, ಮಸುಕಾದರೆ ಇನ್ನೊಮ್ಮೆ. ಇದರಲ್ಲೇ ಒಂದು ಪೀರಿಯಡ್ ಮುಗಿಯುತ್ತಿತ್ತು. ಒಂದು ದಿನ ಒಂದನೇ ತರಗತಿಯ ಹುಡುಗಿ ನಿಜವಾಗಿಯೂ ಏನೋ ಅನುಮಾನ ಬಂದು ಮೂರನೇ ತರಗತಿಯ ಹುಡುಗನನ್ನು ಕೇಳಿದಳು. ಅವನು ತುಟಿ ಅಲುಗಿಸದೆ ಹೇಳಿದ:

"ಈಗ ಸುಮ್ನ ಕಲಿ. ಫೋಟೋ ಆದ ಮ್ಯಾಲ ಹೇಳಿಕೊಡತೀನಿ."

೪. ಪ್ರಮಾಣಪತ್ರ

ಐದನೆಯ ತರಗತಿಯಲ್ಲಿ ಒಬ್ಬಳು ಹುಡುಗಿ. ಕಾಗುಣಿತದಲ್ಲಿ ಬಲು ಬಿಗಿ. ಹತ್ತಿ ಬಿಡಿಸುವ ಕಾಲ ಬಂದಾಗ ಅವ್ವನ ಜೊತೆ ಕೂಲಿಗೆ ಹೋದಳು. ನಾನು ಎರಡು ಸಲ ಮನೆಗೆ ಹೋಗಿ ಕೇಳಿದೆ. "ಹತ್ತಿ ಮುಗೀಲ್ರಿ, ಕಳಸತೀನಿ" ಎಂದಳು ಅವ್ವ. ಹುಡುಗಿ ಮಾತ್ರ ಸುಮ್ಮನಿರಲಿಲ್ಲ. ಮಧ್ಯಾಹ್ನ ಬುತ್ತಿ ಉಂಡು, ಊರಾಚೆಯ ಹೊಲದಲ್ಲಿ ಸಿಗ್ನಲ್ ಸಿಗುವ ಬದುವಿನ ಮೇಲೆ ಕೂತು, ಅವ್ವನ ಫೋನಿನಲ್ಲಿ ನಮ್ಮ ಪುಟ ತೆರೆದು, ಸಣ್ಣವರು ಬರೆದದ್ದನ್ನೆಲ್ಲ ತಿದ್ದುತ್ತಿದ್ದಳು. "ಧ ಹೊಟ್ಟಿ ಸೀಳು", "ಮತ್ತ ಬರಿ" ಅಂತ ಕೆಳಗೊಂದು ಸಾಲು.

ಒಂದು ದಿನ ಶಿಕ್ಷಣ ಇಲಾಖೆಯ ಸಾಹೇಬರು ಪ್ರಮಾಣಪತ್ರ ಹಿಡಿದು ಬಂದರು. ಪುಟದಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದ ವಿದ್ಯಾರ್ಥಿನಿಗೆ ಸನ್ಮಾನವಂತೆ.

"ಎಲ್ಲಿದ್ದಾಳೆ ಹುಡುಗಿ?"

"ಹತ್ತಿ ಬಿಡಸಾಕ ಹೋಗ್ಯಾಳ್ರಿ. ತಿಂಗಳಾತು."

ಸಾಹೇಬರು ಗಡಿಯಾರ ನೋಡಿಕೊಂಡರು. ಆಮೇಲೆ, "ಹೊರಾಂಗಣ ಕಲಿಕೆ ಅಂತ ಬರ್ಕೊಳ್ಳಿ" ಎಂದು ಕಾಗದ ನನ್ನ ಕೈಗಿತ್ತು ಹೊರಟರು.

ಸಂಜೆ ನಾನೇ ಹೊಲಕ್ಕೆ ಹೋದೆ. ಹುಡುಗಿ ಸೊಂಟಕ್ಕೆ ಹತ್ತಿಯ ಚೀಲ ಕಟ್ಟಿಕೊಂಡಿದ್ದಳು. ಬೆರಳ ತುದಿಯೆಲ್ಲ ಗೀರು. ಅವಳ ಮುಖ ನೋಡಲು ನನಗೇ ನಾಚಿಕೆ. ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಓದುತ್ತಾ ಓದುತ್ತಾ ಒಂದು ಕಡೆ ಬೆರಳು ನಿಂತಿತು.

"ಟೀಚರ್, 'ವಿಶೇಷ ಸಾದನೆ' ಅಂತ ಬರದಾರ. ಹೊಟ್ಟೀನ ಸೀಳಿಲ್ಲ. ಯಾರ ಬರದದ್ರಿ?"

"ಸಾಹೇಬ್ರು ಬರದಾರವ್ವ."

ಹುಡುಗಿಗೆ ನಿಜವಾಗಿಯೂ ಕನಿಕರ ಬಂತು.

"ಅವರನೂ ನಮ್ಮ ಪುಟಕ್ಕ ಸೇರಸ್ರಿ ಟೀಚರ್. ಒಂದನೇ ಕ್ಲಾಸಿನವರ ಜೋಡಿ ಕುಂದ್ರಲಿ. ಬುತ್ತಿ ಉಂಡ ಮ್ಯಾಲ ಕಲಿಸತೀನಿ."