ಕಂಪ್ಯೂಟರಿನಾಗ ಸಿಕ್ಕ ಬಸ್ ಸ್ಟಾಪ್

ಲೈಬ್ರರಿ ಅಂದ್ರ ಸುಮ್ಮಗಿರೋ ಜಾಗ ಅಂತ ಯಾರು ಹೇಳಿದ್ರೋ ಏನೋ, ಅವರು ಬಸವಕಲ್ಯಾಣದಾಗ ನನ್ನ ಟೇಬಲ್ ಮುಂದ ಒಂದು ದಿನಾನೂ ಕೂತಿಲ್ಲ ಬಿಡ್ರಿ. ಸರ್ಕಾರಿ ಆದೇಶ, ಗೆಜೆಟ್ ಹುಡುಕೋ ಡೇಟಾಬೇಸ್ ನಮ್ಮ ಕಂಪ್ಯೂಟರಿಗೆ ಬಂದ ಮ್ಯಾಲಂತೂ ದಿನಾ ಒಂದಿಲ್ಲೊಂದು ತಮಾಷಾ. ಅದರಾಗ ಕಾಯಿಪಲ್ಯೆ ಮಾರೋ ಒಬ್ಬ ಮುದುಕಿ ಆಯಿದು ಕೇಳ್ರಿ.

ಮಶೀನಿಗೆ ತ್ರಾಸ ತಿಳೀಬೇಕು

ಆಯಿ ಊರು ಹುಮನಾಬಾದ್ ಹಾದಿ ಮ್ಯಾಲಿನ ಸಣ್ಣ ಹಳ್ಳಿ. ಬುಟ್ಟಿ ಹೊತ್ತು ಕೈ ಮಾಡಿದ್ರ ಬಸ್ ನಿಲ್ಲಂಗಿಲ್ಲ. "ಇಲ್ಲಿ ಸ್ಟಾಪ್ ಇಲ್ಲ" ಅಂತ ಕಂಡಕ್ಟರ್ ಕೈ ಆಡಿಸಿ ಹೋಗಿಬಿಡ್ತಾನ. ಮುಂದಿನ ಊರತನಕ ನಡದು ಬಸ್ ಹಿಡಿಯೋದ್ರಾಗ ಮೆಂತೆ ಪಲ್ಯೆ ಬಾಡ್ತದ. ಬಾಡಿದ್ದು ಯಾರು ತಗೋತಾರ?

"ನಮ್ಮೂರಿಗೆ ಸ್ಟಾಪ್ ಮಂಜೂರ್ ಆಗಿತ್ತು ಯಪ್ಪಾ. ನಿನ್ನ ಮಶೀನಿಗೆ ಕೇಳು" ಅಂದ್ಲು ಆಯಿ.

ಊರ ಹೆಸರು ಹೊಡದೆ. ಜನಗಣತಿ, ಕೆರೆ ಹೂಳು, ಅಂಗನವಾಡಿ ಅಂತ ರಾಶಿ ಬಂತು. "ಇನ್ನೊಂದೆರಡು ಮಾತು ಹೇಳ ಆಯಿ, ಹುಡುಕಾಕ" ಅಂದೆ. ಅಂದದ್ದೇ ತಪ್ಪಾತು ನೋಡ್ರಿ. ಆಯಿ ಕುರ್ಚಿ ಜಗ್ಗಿಕೊಂಡು ಕಂಪ್ಯೂಟರ್ ಮುಂದ ಕೂತು, ಮದುವ್ಯಾಗಿ ಬಂದಾಗಿಂದ ಹಿಡದು ಹಿರೇ ಸೊಸಿ ಮಾತು ಬಿಟ್ಟಿದ್ದರತನಕ ಅದಕ್ಕ ಹೇಳಿದ್ಲು.

"ಆಯಿ, 'ನಿಲುಗಡೆ' ಅಂದ್ರ ಸಾಕು ಅದಕ್ಕ."

"ಹ್ಯಾಂಗ ಸಾಕು? ನನ್ನ ತ್ರಾಸ ತಿಳೀಲಿಲ್ಲಂದ್ರ ಅದು ಯಾಕ ಹುಡುಕೀತು?"

ಸಿಕ್ಕಾ

'ನಿಲುಗಡೆ' ಅಂತ ನಾನೇ ಹೊಡದೆ. ಸಿಕ್ತು! ಹಳೇ ಆದೇಶ, ಕೋರಿಕೆ ನಿಲುಗಡೆ, ಅಂದ್ರ ಕೈ ಮಾಡಿದ್ರ ಬಸ್ ನಿಲ್ಲಬೇಕು, ಅದರಾಗ ಆಯಿ ಊರಿನ ಹೆಸರು. ಖುಷಿಲೇ ಪ್ರಿಂಟ್ ತಗದು ಕೊಟ್ಟೆ. ಆಯಿ ಹಿಂದ ಮುಂದ ತಿರುಗಿಸಿ ನೋಡಿದ್ಲು.

"ಸಿಕ್ಕಾ ಎಲ್ಲದ? ಸರ್ಕಾರದ ಮುದ್ರಿ?"

"ಕಂಪ್ಯೂಟರಿಂದ ಬಂದದ್ದಕ್ಕ ಸಿಕ್ಕಾ ಇರಂಗಿಲ್ಲ ಆಯಿ."

"ಸಿಕ್ಕಾ ಇಲ್ಲದ್ದು ಸರ್ಕಾರದ್ದು ಹ್ಯಾಂಗ ಆಗ್ತದ?"

ಬಿಡಲೇ ಇಲ್ಲ. ಸೋತು, ಕೈಗೆ ಸಿಕ್ಕ ಲೈಬ್ರರಿ ಸಿಕ್ಕಾನೇ ಒತ್ತಿ ಕಳಿಸಿದೆ. ಮುಂದಿನ ವಾರ ಆಯಿ ಸಿಟ್ಟಿಲೇ ವಾಪಸ್ ಬಂದ್ಲು. ನಾ ಒತ್ತಿದ್ದು ಪುಸ್ತಕ ತಿರುಗಿ ಕೊಡೋ ತಾರೀಖಿನ ಸಿಕ್ಕಾ! ಮುಂದಿನ ಊರಾಗ ಬಸ್ ಹತ್ತಿ ತೋರಿಸಿದ್ರ, ಕಂಡಕ್ಟರ್ ಓದಿ ಹೇಳಿದ್ನಂತ: "ಇದರ ವಾಯಿದಾ ನಿನ್ನೆನೇ ಮುಗದದ ಆಯಿ."

ಕೈ ಮಾಡಿದ್ರ

ನನಗ ನಾಚಿಕಿ ಆಗಿ, ಆಯಿನ ಕರಕೊಂಡು ಡಿಪೋಕ್ಕ ಹೋದೆ. ಅಲ್ಲಿನ ಸಾಹೇಬರು ಭಾಳ ಒಳ್ಳೇವ್ರು. ಆದೇಶ ಪೂರಾ ಓದಿ, "ಖರೇ ಅದರಿ. ನಾಳಿಂದ ನಿಲ್ತದ" ಅಂದ್ರು.

ನಾ ಹುಮನಾಬಾದಿನಾಗ ಇರಾಂವ, ದಿನಾ ಅದೇ ಹಾದಿ. ಮರುದಿನ ಮುಂಜಾನೆ ಬಸ್ಸಿನಾಗ ಹೆಜ್ಜಿ ಇಡಾಕ ಜಾಗ ಇಲ್ಲ. ದೂರದಿಂದ ಆಯಿ ಕಾಣಿಸಿದ್ಲು. ನಿಲ್ಲಲಿಲ್ಲಂದ್ರ ಆಯಿಗೆ ಯಾವ ಮಾರಿ ತೋರಸ್ಲಿ?

ಆಯಿ ಕೈ ಮಾಡಿದ್ಲು. ಬಸ್ ಗಕ್ಕನ ನಿಂತಿತು! ಖರೇ ಹೇಳ್ತೀನಿ, ನನ್ನ ಕಣ್ಣಾಗ ನೀರು ಬಂತು. ಮಂದಿ ಒಬ್ಬರ ಕಾಲು ಒಬ್ಬರು ತುಳದು ಜಾಗ ಮಾಡಿದ್ರು. ಕಂಡಕ್ಟರ್ ತಾನೇ ಬಾಗಿಲು ತಗದು, "ಬರ್ರಿ ಆಯಿ, ಲಗೂನ ಹತ್ರಿ" ಅಂದ.

ಆಯಿ ಸೆರಗು ಸರಿ ಮಾಡಿಕೊಂಡು ನಿಂತಲ್ಲೇ ನಿಂತ್ಲು.

"ನಾ ಎಲ್ಲೂ ಹೊಂಟಿಲ್ಲೋ ಯಪ್ಪಾ. ನಿಲ್ತದೋ ಇಲ್ಲೋ ನೋಡಾಕ ಬಂದೀನಿ. ಹೊಂಡ್ರಿ, ಹೊಂಡ್ರಿ, ಮಂದಿಗೆ ತಡಾ ಆಗ್ತದ!"